ಹಗಲು ಡ್ರಾಯಿಂಗ್, ರಾತ್ರಿ ಆಟ: ಹಳೆಯ ಡೆಸ್ಕ್‌ಟಾಪನ್ನು ಎರಡಕ್ಕೂ ಸಜ್ಜುಗೊಳಿಸುವ ಬಗೆ

ಹಗಲಿಡೀ ಸಾಲಿಡ್‌ವರ್ಕ್ಸ್ ಅಥವಾ ಆಟೋಕ್ಯಾಡ್‌ನಂಥ ಡ್ರಾಯಿಂಗ್ ತಂತ್ರಾಂಶಗಳಲ್ಲಿ ದುಡಿದು, ಸಂಜೆಯಾದೊಡನೆ ಮಕ್ಕಳ ಆಟಕ್ಕೂ ಒದಗುವ ಕಂಪ್ಯೂಟರ್ ಒಂದೇ ಆಗಿರುವ ಮನೆಗಳು ನಮ್ಮಲ್ಲಿ ಸಾಕಷ್ಟಿವೆ. ಅಂಥ ಯಂತ್ರ ಏದುಸಿರು ಬಿಡತೊಡಗಿದಾಗ ಅಂಗಡಿಯಲ್ಲಿ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಆಟಕ್ಕೆ ಬೇಕಾದದ್ದು ಬೇರೆ, ಡಿಸೈನ್ ಕೆಲಸಕ್ಕೆ ಬೇಕಾದದ್ದು ಬೇರೆ, ಎರಡೂ ಆಗಬೇಕಿದ್ದರೆ ಹೊಸ ಯಂತ್ರವನ್ನೇ ಕೊಳ್ಳುವುದು ಮೇಲು. ಇದು ಸುಳ್ಳಲ್ಲ, ಆದರೆ ಅರ್ಧದಷ್ಟೇ ನಿಜ. ಆಟವಾಗಲಿ, ಮೂರು ಆಯಾಮದ ಮಾದರಿಯಾಗಲಿ, ಮೊದಲು ಕೇಳುವುದು ಪ್ರೊಸೆಸರಿನ ಒಂದೊಂದು ಕೋರ್ (ಲೆಕ್ಕ ಮಾಡುವ ಘಟಕ) ಎಷ್ಟು ಚುರುಕಾಗಿದೆ ಎಂಬುದನ್ನು. ಇವೆರಡರ ದಾರಿ ಬೇರೆಯಾಗುವುದು ಆಮೇಲೆ, ಅದೂ ಕೆಲವೇ ಕಡೆಗಳಲ್ಲಿ. ಆ ಕಡೆಗಳನ್ನು ಗುರುತಿಸಿಕೊಂಡು ಹಣ ಹಾಕಿದರೆ ಹಳೆಯ ಮದರ್‌ಬೋರ್ಡನ್ನು ಇಟ್ಟುಕೊಂಡೇ ಯಂತ್ರವನ್ನು ಇನ್ನೂ ಕೆಲವು ವರ್ಷ ನಡೆಸಬಹುದು.

ಉದಾಹರಣೆಗೆ ನಮ್ಮ ಮನೆಯ ಯಂತ್ರವನ್ನೇ ತೆಗೆದುಕೊಳ್ಳುತ್ತೇನೆ. 2019ರಲ್ಲಿ ಜೋಡಿಸಿದ ಅದರಲ್ಲಿದ್ದದ್ದು ಬಿ450 ಚಿಪ್‌ಸೆಟ್‌ನ ಮದರ್‌ಬೋರ್ಡ್, ರೈಝನ್ 5 2600 ಪ್ರೊಸೆಸರ್, 8 ಜಿಬಿಯ ಒಂದೇ ರ‍್ಯಾಮ್, 4 ಜಿಬಿ ಮೆಮೊರಿಯ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, ಒಂದು ಟೆರಾಬೈಟ್ ಹಾರ್ಡ್‌ಡಿಸ್ಕ್ ಮತ್ತು 450 ವ್ಯಾಟ್‌ನ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ). ಹಗಲು ನಾನು ಶಿವಮೊಗ್ಗದ ಮಾಚೇನಹಳ್ಳಿ ಕಡೆಯ ಕಾರ್ಖಾನೆಗಳಿಗೆ ಫಿಕ್ಸ್‌ಚರ್‌ಗಳ ಮತ್ತು ಎರಕದ ಪ್ಯಾಟರ್ನ್‌ಗಳ ಡ್ರಾಯಿಂಗ್ ಮಾಡುತ್ತೇನೆ. ರಾತ್ರಿ ಮಗ ವ್ಯಾಲೊರಂಟ್ ಆಡುತ್ತಾನೆ, ರಜೆಯಲ್ಲಿ ಸೈಬರ್‌ಪಂಕ್ 2077ರಂಥ ಭಾರದ ಆಟಗಳನ್ನೂ ಆಡುತ್ತಾನೆ. ಇಲ್ಲಿ ಹೇಳುವ ಕ್ರಮ ಇಂಟೆಲ್ ಯಂತ್ರಗಳಿಗೂ ಹೊಂದುತ್ತದೆ, ಆದರೆ ಅವುಗಳಲ್ಲಿ ಸಾಕೆಟ್ ಎರಡು ಮೂರು ತಲೆಮಾರಿಗೊಮ್ಮೆ ಬದಲಾಗುವುದರಿಂದ ಹಳೆಯ ಬೋರ್ಡಿನಲ್ಲಿ ಹೊಸ ಪ್ರೊಸೆಸರ್ ಕೂರಿಸುವ ಅವಕಾಶ ಕಡಿಮೆ.

ಕೊಳ್ಳುವ ಮೊದಲು ಅಳೆಯುವುದು

ಯಂತ್ರ ನಿಧಾನವಾಗಿದೆ ಎಂಬುದು ದೂರು ಮಾತ್ರ. ಎಲ್ಲಿ ನಿಧಾನವಾಗಿದೆ ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಇದಕ್ಕೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಸಾಕು. ನಿಮ್ಮ ಕೆಲಸದ ಅತಿ ಭಾರದ ಅಸೆಂಬ್ಲಿಯನ್ನು (ಹಲವು ಬಿಡಿಭಾಗ ಜೋಡಿಸಿದ ಮಾದರಿಯನ್ನು) ತೆರೆದು, ಒಂದು ಅಳತೆಯನ್ನು ಬದಲಿಸಿ, ಅದು ಮತ್ತೆ ಕಟ್ಟಿಕೊಳ್ಳುವ ಹೊತ್ತಿನಲ್ಲಿ ಪರ್ಫಾರ್ಮೆನ್ಸ್ ಪುಟವನ್ನು ನೋಡಿ. ಪ್ರೊಸೆಸರ್ ಬಳಕೆ ಒಟ್ಟಾರೆ ಶೇಕಡ 10ರ ಆಸುಪಾಸಿನಲ್ಲಿ ಕಾಣಿಸುತ್ತದೆ. ಇದನ್ನು ನೋಡಿ ಪ್ರೊಸೆಸರಿಗೆ ಕೆಲಸವೇ ಇಲ್ಲವೆಂದು ತಿಳಿಯುವುದು ಬಹಳ ಜನ ಮಾಡುವ ತಪ್ಪು. ಆ ಗ್ರಾಫಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಲಾಜಿಕಲ್ ಪ್ರೊಸೆಸರ್‌ಗಳನ್ನು ಬಿಡಿಬಿಡಿಯಾಗಿ ತೋರಿಸುವಂತೆ ಬದಲಿಸಿದರೆ 12 ಸಣ್ಣ ಚೌಕಗಳು ಕಾಣುತ್ತವೆ. ಅವುಗಳಲ್ಲಿ ಒಂದು ಮಾತ್ರ ತುದಿ ಮುಟ್ಟಿ ನಿಂತಿರುತ್ತದೆ, ಉಳಿದ ಹನ್ನೊಂದು ಸುಮ್ಮನಿರುತ್ತವೆ. ಹನ್ನೆರಡರಲ್ಲಿ ಒಂದು ಎಂದರೆ ಶೇಕಡ ಎಂಟು ಚಿಲ್ಲರೆ, ಲೆಕ್ಕ ಸರಿಹೋಯಿತು. ಮಾದರಿಯಲ್ಲಿ ಒಂದು ಹಂತ ಅದರ ಹಿಂದಿನ ಹಂತದ ಫಲವನ್ನು ಕಾಯಬೇಕಾದ್ದರಿಂದ ಈ ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚುವುದು ಕಷ್ಟ. ಆದುದರಿಂದ ಕೋರ್‌ಗಳ ಸಂಖ್ಯೆ ಹೆಚ್ಚಿಸಿದ ಮಾತ್ರಕ್ಕೆ ಇಲ್ಲಿ ಲಾಭವಿಲ್ಲ, ಒಂದು ಕೋರಿನ ವೇಗ ಹೆಚ್ಚಬೇಕು.

ಅದೇ ಪುಟದಲ್ಲಿ ಮೆಮೊರಿ ಭಾಗವನ್ನೂ ನೋಡಬೇಕು. ಕಮಿಟೆಡ್ ಎಂದು ತೋರಿಸುವ ಅಂಕಿ ನಿಮ್ಮ ರ‍್ಯಾಮ್‌ನ ಗಾತ್ರವನ್ನು ಬಹಳಷ್ಟು ಮೀರಿದ್ದು, ಜೊತೆಗೆ ಡಿಸ್ಕ್ ಶೇಕಡ 100ರಲ್ಲಿ ನಿಂತಿದ್ದರೆ ಯಂತ್ರ ರ‍್ಯಾಮ್ ಸಾಲದೆ ಡಿಸ್ಕಿನ ಮೊರೆ ಹೋಗುತ್ತಿದೆ ಎಂದರ್ಥ. ಎಷ್ಟು ಸ್ಲಾಟ್‌ಗಳು ಭರ್ತಿಯಾಗಿವೆ, ರ‍್ಯಾಮ್ ಯಾವ ವೇಗದಲ್ಲಿ ಓಡುತ್ತಿದೆ ಎಂಬುದೂ ಅಲ್ಲೇ ಕಾಣಿಸುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ಪರ್ಫಾರ್ಮೆನ್ಸ್ ಇವ್ಯಾಲ್ಯುಯೇಶನ್ ಎಂಬ ಸೌಲಭ್ಯವಿದ್ದು, ಮಾದರಿಯ ಯಾವ ಫೀಚರ್ ಎಷ್ಟು ಸಮಯ ತಿನ್ನುತ್ತದೆ ಎಂದು ಅದು ಪಟ್ಟಿ ಮಾಡಿ ಕೊಡುತ್ತದೆ. ಬೇಡದ ಕಡೆ ಕೊರೆದ ಒಂದು ಹೆಲಿಕಲ್ ಥ್ರೆಡ್ ಇಡೀ ಪಾರ್ಟನ್ನು ನಿಧಾನಗೊಳಿಸಿರುವುದನ್ನು ನಾನು ಕಂಡಿದ್ದೇನೆ. ಅಂಥದ್ದನ್ನು ಯಾವ ಪ್ರೊಸೆಸರ್ ತಂದು ಕೂರಿಸಿದರೂ ಪೂರ್ತಿ ಸರಿಪಡಿಸಲಾಗದು. ಆಟೋಕ್ಯಾಡ್ ಬಳಸುವವರು ಹಳೆಯ ಡ್ರಾಯಿಂಗ್‌ಗಳ ಮೇಲೆ ಬೇಡದ್ದನ್ನು ತೆಗೆದುಹಾಕುವ ಪರ್ಜ್ ಮತ್ತು ಓವರ್‌ಕಿಲ್ ಆದೇಶಗಳನ್ನು ಒಮ್ಮೆ ಓಡಿಸಿ ನೋಡಿದ ಮೇಲೆಯೇ ಹಣ ಖರ್ಚು ಮಾಡುವ ಮಾತಾಡಬೇಕು.

ಆಟದ ಅಳತೆ ಇನ್ನೂ ಸುಲಭ. ಆಡುವಾಗ ಗ್ರಾಫಿಕ್ಸ್ ಕಾರ್ಡಿನ ಬಳಕೆ ಶೇಕಡ 95ರ ಮೇಲಿದ್ದರೆ ತಡೆ ಕಾರ್ಡಿನಲ್ಲಿದೆ. ಅದು 60ರ ಹತ್ತಿರ ಇದ್ದೂ ಆಟ ತಡವರಿಸುತ್ತಿದ್ದರೆ ತಡೆ ಬಹುಮಟ್ಟಿಗೆ ಪ್ರೊಸೆಸರಿನಲ್ಲೋ ರ‍್ಯಾಮ್‌ನಲ್ಲೋ ಇದೆ. ಅನುಮಾನವಿದ್ದರೆ ರೆಸಲ್ಯೂಶನ್ ಇಳಿಸಿ ನೋಡಿ: ಫ್ರೇಮುಗಳ ಸಂಖ್ಯೆ ಏರದಿದ್ದರೆ ಕಾರ್ಡ್ ನಿರ್ದೋಷಿ. ನಮ್ಮ ಯಂತ್ರದಲ್ಲಿ ವ್ಯಾಲೊರಂಟ್‌ಗೆ ಪ್ರೊಸೆಸರ್ ತಡೆಯಾಗಿತ್ತು, ಸೈಬರ್‌ಪಂಕ್‌ಗೆ ಕಾರ್ಡ್ ತಡೆಯಾಗಿತ್ತು, ನನ್ನ ಅಸೆಂಬ್ಲಿಗಳಿಗೆ ಮೊದಲು ರ‍್ಯಾಮ್, ಆಮೇಲೆ ಪ್ರೊಸೆಸರ್. ಈ ಫಲಿತಾಂಶಗಳನ್ನು ಕಡತದ ಹೆಸರು ಸಮೇತ ಒಂದು ಹಾಳೆಯಲ್ಲಿ ಬರೆದಿಡಿ, ಕೊನೆಯಲ್ಲಿ ಹೋಲಿಸಲು ಬೇಕಾಗುತ್ತದೆ.

ಪ್ರೊಸೆಸರ್: ದಾರಿ ಕವಲೊಡೆಯುವ ಜಾಗ

ಬಿ450 ಬೋರ್ಡಿನ ಎಎಂ4 ಸಾಕೆಟ್‌ಗೆ ರೈಝನ್ 5000 ಸರಣಿಯ ಪ್ರೊಸೆಸರ್‌ಗಳು ಹೊಂದುತ್ತವೆ. 2020ರ ಮೇ ತಿಂಗಳಲ್ಲಿ ಎಎಂಡಿ ಈ ಬೋರ್ಡ್‌ಗಳಿಗೆ ಆ ಭಾಗ್ಯವಿಲ್ಲ ಎಂದಿತ್ತು. ಬಳಕೆದಾರರ ಆಕ್ಷೇಪ ಜೋರಾದ ಮೇಲೆ ನಿಲುವು ಬದಲಿಸಿತು. ಆ ಬದಲಾವಣೆಯಿಂದಲೇ ಈ ಲೇಖನಕ್ಕೆ ಅರ್ಥ ಬಂದಿದೆ ಎನ್ನಬಹುದು.

ಎರಡೂ ಕೆಲಸ ಮಾಡುವವರ ಮುಂದೆ ಮುಖ್ಯವಾಗಿ ನಿಲ್ಲುವ ಆಯ್ಕೆಗಳು ರೈಝನ್ 7 5700ಎಕ್ಸ್ ಮತ್ತು 5700ಎಕ್ಸ್3ಡಿ. ಎರಡರಲ್ಲೂ 8 ಕೋರ್‌ಗಳಿವೆ. ಮೊದಲನೆಯದು 4.6 ಗಿಗಾಹರ್ಟ್ಸ್‌ವರೆಗೆ ಏರುತ್ತದೆ ಮತ್ತು 32 ಎಂಬಿಯಷ್ಟು ಮೂರನೆಯ ಹಂತದ ಕ್ಯಾಶ್ (ಪ್ರೊಸೆಸರಿನೊಳಗಿನ ಅತಿ ವೇಗದ ಮೆಮೊರಿ) ಹೊಂದಿದೆ. ಎರಡನೆಯದರಲ್ಲಿ ಚಿಪ್ಪಿನ ಮೇಲೊಂದು ಪದರವಾಗಿ ಕೂರಿಸಿದ ಕ್ಯಾಶ್ ಸೇರಿ ಒಟ್ಟು 96 ಎಂಬಿ ಇದೆ, ಆದರೆ ವೇಗ 4.1 ಗಿಗಾಹರ್ಟ್ಸ್‌ಗೆ ನಿಲ್ಲುತ್ತದೆ. ಆಟಗಳು ಒಂದೇ ಬಗೆಯ ದತ್ತಾಂಶವನ್ನು ಮತ್ತೆ ಮತ್ತೆ ಕೇಳುವುದರಿಂದ ದೊಡ್ಡ ಕ್ಯಾಶ್ ಅವುಗಳಿಗೆ ವರದಾನ. ಮಾದರಿಯನ್ನು ಮತ್ತೆ ಕಟ್ಟುವ ಕೆಲಸಕ್ಕೆ ಮಾತ್ರ ನೇರ ವೇಗವೇ ಹೆಚ್ಚು ಒದಗಿಬರುತ್ತದೆ. ಹೀಗಾಗಿ ಅನ್ನ ಕೊಡುವುದು ಡ್ರಾಯಿಂಗ್ ಆಗಿದ್ದರೆ 5700ಎಕ್ಸ್ ತೆಗೆದುಕೊಳ್ಳಿ, ಆಟವೇ ಪ್ರಧಾನವಾಗಿ ಡ್ರಾಯಿಂಗ್ ಕಾಲೇಜಿನ ಪ್ರಾಜೆಕ್ಟಿನ ಮಟ್ಟದಲ್ಲಿದ್ದರೆ 5700ಎಕ್ಸ್3ಡಿ ತೆಗೆದುಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ನಾನು ಮೊದಲನೆಯದನ್ನು ತಂದೆ, ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. 2600ರ ಗರಿಷ್ಠ ವೇಗ 3.9 ಗಿಗಾಹರ್ಟ್ಸ್, ಅದಲ್ಲದೆ ಹೊಸ ವಿನ್ಯಾಸ ಪ್ರತಿ ಗಡಿಯಾರ ಬಡಿತದಲ್ಲೂ ಹೆಚ್ಚು ಕೆಲಸ ಮಾಡುವುದರಿಂದ, ಎರಡರಲ್ಲಿ ಯಾವುದನ್ನು ತಂದರೂ ಆಟದಲ್ಲಿ ಗುರುತಾಗುವಷ್ಟು ವ್ಯತ್ಯಾಸ ಕಾಣುತ್ತದೆ. ದಿನವೂ ಗಂಟೆಗಟ್ಟಲೆ ರೆಂಡರ್ ಮಾಡುವವರ ಮಾತು ಬೇರೆ: ಆ ಕೆಲಸ ಎಲ್ಲ ಕೋರ್‌ಗಳಿಗೂ ಹಂಚಿಹೋಗುತ್ತದೆ, ಅವರಿಗೆ 12 ಕೋರ್‌ನ 5900ಎಕ್ಸ್ ಸೂಕ್ತ. ಆದರೆ ಅಗ್ಗದ ಬಿ450 ಬೋರ್ಡ್‌ಗಳಲ್ಲಿ ಪ್ರೊಸೆಸರಿಗೆ ವಿದ್ಯುತ್ ಹದಗೊಳಿಸುವ ಭಾಗದ ಮೇಲೆ ಹೀಟ್‌ಸಿಂಕ್ ಕೂಡ ಇರುವುದಿಲ್ಲ. ಅಂಥ ಬೋರ್ಡಿಗೆ 65 ವ್ಯಾಟ್ ವರ್ಗದ 5700ಎಕ್ಸ್ ದಾಟಿ ಹೋಗದಿರುವುದು ಕ್ಷೇಮ. 5700ಎಕ್ಸ್ ಪೆಟ್ಟಿಗೆಯಲ್ಲಿ ಕೂಲರ್ ಬರುವುದಿಲ್ಲ ಎಂಬುದನ್ನು ಮರೆಯಬೇಡಿ. ಬೇರೆ ಕೂಲರ್ ಕೊಳ್ಳುವಾಗ ಅದರ ಎತ್ತರ ನಿಮ್ಮ ಕ್ಯಾಬಿನೆಟ್ಟಿಗೆ ಹಿಡಿಸುತ್ತದೆಯೇ ಎಂದು ಅಳೆದು ನೋಡಿ.

ಗ್ರಾಫಿಕ್ಸ್ ಕಾರ್ಡ್

ಇಲ್ಲಿ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ವೃತ್ತಿಪರ ಕಾರ್ಡ್ ಬೇಕೇ ಎಂಬುದು. ಎನ್ವಿಡಿಯಾದ ಆರ್‌ಟಿಎಕ್ಸ್ ಎ2000 ಮತ್ತು ಆಟದ ಆರ್‌ಟಿಎಕ್ಸ್ 3060 ಒಂದೇ ಜಾತಿಯ ಚಿಪ್ಪಿನಿಂದ ಹುಟ್ಟಿದವು. ಒಂದರಲ್ಲಿ 3328 ಕೋರ್‌ಗಳಿದ್ದರೆ ಇನ್ನೊಂದರಲ್ಲಿ 3584. ಆದರೆ ಮೊದಲನೆಯದು 70 ವ್ಯಾಟ್‌ಗೆ ಕಡಿವಾಣ ಹಾಕಿಸಿಕೊಂಡಿದೆ, ಎರಡನೆಯದು 170 ವ್ಯಾಟ್ ಬಳಸುತ್ತದೆ. ಆಟದಲ್ಲಿ ಎ2000 ಹಿಂದೆ ಬೀಳುವುದಕ್ಕೆ ಅದೇ ದೊಡ್ಡ ಕಾರಣ. ಅದಕ್ಕೆ ಕೊಡುವ ಹೆಚ್ಚಿನ ಹಣ ಸಾಲಿಡ್‌ವರ್ಕ್ಸ್, ಕ್ರಿಯೊ ಮೊದಲಾದ ತಂತ್ರಾಂಶಗಳು ಆ ಕಾರ್ಡನ್ನೂ ಅದರ ಡ್ರೈವರನ್ನೂ ಪರೀಕ್ಷಿಸಿ ಕೊಟ್ಟ ಪ್ರಮಾಣಪತ್ರಕ್ಕೆ. ಸಾಲಿಡ್‌ವರ್ಕ್ಸ್‌ನ ರಿಯಲ್‌ವ್ಯೂ ಸೌಲಭ್ಯಕ್ಕೂ ಅಧಿಕೃತ ಬೆಂಬಲ ಇರುವುದು ಇಂಥ ಕಾರ್ಡ್‌ಗಳಿಗೇ. ಸಾವಿರಾರು ಬಿಡಿಭಾಗಗಳ ಅಸೆಂಬ್ಲಿಯೊಂದಿಗೆ ದಿನವೂ ಏಗುವ ಕಚೇರಿಗೆ, ತೊಂದರೆ ಬಂದಾಗ ತಂತ್ರಾಂಶದವರಿಂದ ಉತ್ತರ ಕೇಳುವ ಹಕ್ಕಿಗಾಗಿಯಾದರೂ, ಅದು ಬೇಕು. ಆಟೋಕ್ಯಾಡ್, ಫ್ಯೂಶನ್, ರೆವಿಟ್‌ಗಳಲ್ಲಿ ಅಥವಾ ಸಾಲಿಡ್‌ವರ್ಕ್ಸ್‌ನ ಮಧ್ಯಮ ಗಾತ್ರದ ಅಸೆಂಬ್ಲಿಗಳಲ್ಲಿ ದುಡಿಯುತ್ತ ಮನೆಯಲ್ಲಿ ಆಟಕ್ಕೂ ಜಾಗ ಕೊಡಬೇಕಾದವರಿಗೆ ಆಟದ ಕಾರ್ಡ್ ಸಾಕು.

ಹಾಗಾದರೆ ಯಾವ ಆಟದ ಕಾರ್ಡ್? ಇಲ್ಲಿ ಹಳೆಯ ಬೋರ್ಡಿನ ಒಂದು ಮಿತಿ ಎದುರಾಗುತ್ತದೆ. ಬಿ450 ಬೋರ್ಡಿನಲ್ಲಿರುವುದು ಪಿಸಿಐಇ 3.0, ಅಂದರೆ ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ದತ್ತಾಂಶದ ದಾರಿಯ ಹಳೆಯ ಆವೃತ್ತಿ. ಆರ್‌ಟಿಎಕ್ಸ್ 4060, 5060 ಟಿಐ ಮುಂತಾದ ಈಚಿನ ಕಾರ್ಡ್‌ಗಳು 16ರ ಬದಲು 8 ಸಾಲುಗಳನ್ನಷ್ಟೇ ಬಳಸುತ್ತವೆ. ಹೊಸ ಬೋರ್ಡಿನಲ್ಲಿ ಅದರಿಂದ ತೊಂದರೆಯಿಲ್ಲ, ಆದರೆ 3.0ರಲ್ಲಿ ಎಂಟು ಸಾಲು ಎಂದರೆ ಸೆಕೆಂಡಿಗೆ ಸುಮಾರು 8 ಜಿಬಿ ಮಾತ್ರ. ಕಾರ್ಡಿನ ಸ್ವಂತ ಮೆಮೊರಿ ತುಂಬಿ, ಉಳಿದದ್ದನ್ನು ರ‍್ಯಾಮ್‌ನಿಂದ ಈ ಇಕ್ಕಟ್ಟಿನ ದಾರಿಯಲ್ಲಿ ತರಬೇಕಾದಾಗ ಆಟ ಮುಗ್ಗರಿಸುತ್ತದೆ. ಆದುದರಿಂದ ಹಳೆಯ ಬೋರ್ಡಿನವರಿಗೆ ಕಾರ್ಡಿನ ಮೆಮೊರಿ ಗಾತ್ರ ಹೊಸ ಬೋರ್ಡಿನವರಿಗಿಂತ ಹೆಚ್ಚು ಮುಖ್ಯ. 16 ಜಿಬಿಯ 5060 ಟಿಐ ಕೈಗೆಟುಕಿದರೆ ಒಳ್ಳೆಯದು. ಇಲ್ಲವಾದರೆ 16 ಸಾಲುಗಳನ್ನೂ ಬಳಸುವ, 12 ಜಿಬಿಯ ಹಳೆಯ 3060 ಕೂಡ ಇಂಥ ಯಂತ್ರಕ್ಕೆ ಹೊಂದುವ ಜೋಡಿ. 8 ಜಿಬಿಯ ಕಾರ್ಡನ್ನು ಈ ಬೋರ್ಡಿಗಾಗಿ ನಾನು ಕೊಳ್ಳುವುದಿಲ್ಲ. ಇಂಟೆಲ್‌ನ ಆರ್ಕ್ ಕಾರ್ಡ್‌ಗಳ ಬೆಲೆ ಆಕರ್ಷಕವಾಗಿ ಕಂಡರೂ ರಿಸೈಝಬಲ್ ಬಾರ್ ಎಂಬ ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಸೌಲಭ್ಯ ಇಲ್ಲದ ಬೋರ್ಡಿನಲ್ಲಿ ಅವು ಬಹಳ ಸೊರಗುತ್ತವೆ.

ರ‍್ಯಾಮ್, ಎಸ್‌ಎಸ್‌ಡಿ, ವಿದ್ಯುತ್

ರ‍್ಯಾಮ್ ವಿಷಯದಲ್ಲಿ ಹೆಚ್ಚು ಚರ್ಚೆ ಬೇಡ: 16 ಜಿಬಿಯ ಎರಡು ಡಿಡಿಆರ್4 ರ‍್ಯಾಮ್‌ಗಳನ್ನು, 3200 ವೇಗದವನ್ನು, ಜೋಡಿಯಾಗಿ ಒಂದೇ ಪೆಟ್ಟಿಗೆಯಲ್ಲಿ ಬರುವಂತೆ ಕೊಳ್ಳಿ. ಒಂಟಿ ರ‍್ಯಾಮ್ ಇದ್ದಾಗ ದತ್ತಾಂಶ ಹರಿಯುವ ದಾರಿಯಲ್ಲಿ ಅರ್ಧ ಮುಚ್ಚಿರುತ್ತದೆ. ಹಳೆಯ 8 ಜಿಬಿಯ ಪಕ್ಕಕ್ಕೆ ಬೇರೆ ಕಂಪನಿಯ ಇನ್ನೊಂದನ್ನು ಸೇರಿಸಿದರೆ ನಡೆದರೂ ನಡೆದೀತು, ಆದರೆ ಅಪರಾತ್ರಿಯಲ್ಲಿ ಕಾರಣವಿಲ್ಲದೆ ಕಡತ ಮುಚ್ಚಿಹೋದರೆ ಯಾರನ್ನು ದೂರುವುದು? 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಹೊಸ ಬೋರ್ಡ್ ತಂದರೆ ಡಿಡಿಆರ್5 ಕೊಳ್ಳಲೇಬೇಕಾಗುವುದರಿಂದ, ಹಳೆಯದನ್ನು ಉಳಿಸಿಕೊಳ್ಳಲು ಅದೂ ಒಂದು ಕಾರಣ.

ಒಂದು ಟೆರಾಬೈಟ್‌ನ ಎನ್‌ವಿಎಂಇ ಎಸ್‌ಎಸ್‌ಡಿ (ಬೋರ್ಡಿನ ಎಂ.2 ಸ್ಲಾಟಿಗೆ ಹಾಕುವ ವೇಗದ ಡಿಸ್ಕ್) ಸಾಕು, ಪಿಸಿಐಇ 3.0 ದಾರಿಯಲ್ಲಿ ಸೆಕೆಂಡಿಗೆ ಸುಮಾರು 3500 ಎಂಬಿ ದಾಟಿ ಹೋಗುವುದಿಲ್ಲವಾದ್ದರಿಂದ ಅದಕ್ಕಿಂತ ವೇಗದ ದುಬಾರಿ ಮಾದರಿಗೆ ಹಣ ಸುರಿಯಬೇಕಿಲ್ಲ. ಹಳೆಯ ಹಾರ್ಡ್‌ಡಿಸ್ಕನ್ನು ಮುಗಿದ ಕೆಲಸಗಳ ಬ್ಯಾಕಪ್‌ಗೆ ಇಟ್ಟುಕೊಳ್ಳಿ.

ಎಸ್‌ಎಂಪಿಎಸ್ ಬಗ್ಗೆ ಮಾತ್ರ ಜಿಪುಣತನ ಸಲ್ಲದು. ಲೆಕ್ಕ ಹೀಗೆ: 65 ವ್ಯಾಟ್ ಎಂದು ಬರೆದಿರುವ 5700ಎಕ್ಸ್ ಒತ್ತಡದಲ್ಲಿ 76 ವ್ಯಾಟ್‌ವರೆಗೆ ಎಳೆಯುತ್ತದೆ, 5060 ಟಿಐ 180 ವ್ಯಾಟ್, ಉಳಿದ ಭಾಗಗಳಿಗೆಲ್ಲ ಸೇರಿ 60 ರಿಂದ 70 ವ್ಯಾಟ್; ಒಟ್ಟು 330ರ ಆಸುಪಾಸು. ಕಾರ್ಡ್‌ಗಳು ಕ್ಷಣಮಾತ್ರ ಇದಕ್ಕಿಂತ ಮೇಲಕ್ಕೆ ನೆಗೆಯುವುದುಂಟು. ಆದ್ದರಿಂದ ಹೆಸರಿರುವ ಕಂಪನಿಯ 650 ವ್ಯಾಟ್‌ನ, 80 ಪ್ಲಸ್ ಬ್ರಾಂಝ್ ದರ್ಜೆಯ ಒಂದನ್ನು ಹಾಕಿಬಿಟ್ಟರೆ ಮತ್ತೆ ಯೋಚಿಸಬೇಕಾಗಿಲ್ಲ. ಹಳೆಯ ಎಸ್‌ಎಂಪಿಎಸ್‌ನ ಬಿಚ್ಚಬಹುದಾದ ಕೇಬಲ್‌ಗಳನ್ನು ಹೊಸದಕ್ಕೆ ಎಂದಿಗೂ ಸಿಕ್ಕಿಸಬೇಡಿ: ತುದಿ ಹೊಂದಿದರೂ ಒಳಗಿನ ತಂತಿಗಳ ಕ್ರಮ ಬೇರೆಯಾಗಿದ್ದು ಎಸ್‌ಎಸ್‌ಡಿ, ಬೋರ್ಡ್ ಎಲ್ಲ ಸುಟ್ಟುಹೋಗಬಹುದು.

ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಮೇಲಿನ ಲೆಕ್ಕಕ್ಕೆ ಮಾನಿಟರ್ ಸೇರಿಸಿದರೆ ಅದು ಅಂಚಿಗೆ ಬಂತು. ಆಟ ನಡೆಯುವಾಗ ಕರೆಂಟ್ ಹೋದರೆ ಯುಪಿಎಸ್ ಒಂದು ಸಲ ಕೂಗಿ ತಾನೂ ಆರಿಹೋಗುತ್ತದೆ. 1000 ವಿಎ ಅಥವಾ ಅದಕ್ಕೂ ಮೇಲಿನದನ್ನು, ವಿಎ ಅಂಕಿಯ ಬದಲು ವ್ಯಾಟ್ ಅಂಕಿ ನೋಡಿ ಕೊಳ್ಳಿ. ಆಟೋಕ್ಯಾಡ್‌ನಲ್ಲಿ ತಾನೇ ಉಳಿಸಿಕೊಳ್ಳುವ ಅವಧಿ ಮೊದಲಿಗೆ 10 ನಿಮಿಷ ಇರುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಅದನ್ನು 5ಕ್ಕೆ ಇಳಿಸಿಕೊಳ್ಳುವುದು ನನ್ನ ರೂಢಿ.

ಬಿಚ್ಚುವ ಮೊದಲು, ಬಿಚ್ಚುವಾಗ

ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ ಹೊಸದಾಗಿಸಬೇಕು, ಇಲ್ಲದಿದ್ದರೆ ಹೊಸ ಪ್ರೊಸೆಸರನ್ನು ಬೋರ್ಡ್ ಗುರುತಿಸುವುದೇ ಇಲ್ಲ. ಬೋರ್ಡ್ ತಯಾರಕರ ತಾಣದಲ್ಲಿ ನಿಮ್ಮ ಮಾದರಿಯ, ಸಾಧ್ಯವಾದರೆ ರಿವಿಶನ್ ಸಂಖ್ಯೆಯೂ ಹೊಂದುವ, ಕಡತವನ್ನು ಇಳಿಸಿಕೊಂಡು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಹಾಕಿ, ಬಯೋಸ್ ಒಳಗಿಂದಲೇ ಅದನ್ನು ಓಡಿಸಿ. ಈ ಕೆಲಸವನ್ನು ಯುಪಿಎಸ್ ಇಲ್ಲದೆ ಮಾಡಬಾರದು.

ಇನ್ನೆರಡು ಎಚ್ಚರಗಳಿವೆ, ಇವನ್ನು ಬಹಳ ಜನ ತಡವಾಗಿ ತಿಳಿಯುತ್ತಾರೆ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲ್ತಿಯಲ್ಲಿದ್ದರೆ ಅದರ ರಿಕವರಿ ಕೀಯನ್ನು ಬರೆದಿಟ್ಟುಕೊಂಡು, ಬಯೋಸ್ ಮುಟ್ಟುವ ಮೊದಲೇ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು. ಪ್ರೊಸೆಸರ್ ಬದಲಾದಾಗ ಅದರೊಳಗಿನ, ಬೀಗದ ಗುಟ್ಟು ಕಾಯುವ ಎಫ್‌ಟಿಪಿಎಂ ಕೂಡ ಹೊಸದಾಗುತ್ತದೆ, ಡಿಸ್ಕ್ ಬೀಗ ತೆರೆಯಲು ಆ ಕೀ ಕೇಳುತ್ತದೆ. ಹಾಗೆಯೇ ಒಂದೇ ಯಂತ್ರಕ್ಕೆ ಬಿಗಿದಿರುವ ಸಾಲಿಡ್‌ವರ್ಕ್ಸ್ ಲೈಸನ್ಸ್ ನಿಮ್ಮದಾಗಿದ್ದರೆ ಭಾಗಗಳನ್ನು ಬದಲಿಸುವ ಮೊದಲು ಡೀಆಕ್ಟಿವೇಟ್ ಮಾಡಿಕೊಳ್ಳಿ.

ಈಗ ಕೂಲರ್ ತೆಗೆಯುವುದು. ಎಎಂ4 ಪ್ರೊಸೆಸರಿನ ಕೆಳಗೆ 1331 ಪಿನ್‌ಗಳಿವೆ. ಅವನ್ನು ಸಾಕೆಟ್ ಹಿಡಿದಿರುವ ಬಲಕ್ಕಿಂತ ಒಣಗಿದ ಥರ್ಮಲ್ ಪೇಸ್ಟ್ ಹಿಡಿದಿರುವ ಬಲ ಹೆಚ್ಚಿರುವುದುಂಟು. ನಾನು ಯಂತ್ರ ತಣ್ಣಗಿರುವಾಗಲೇ ಕೂಲರನ್ನು ನೆಟ್ಟಗೆ ಎಳೆದೆ. ಪಟ್ಟೆಂದು ಸದ್ದಾಯಿತು, ಕೂಲರ್ ಜೊತೆಗೆ ಪ್ರೊಸೆಸರೂ ಎದ್ದುಬಂತು, ಸಾಕೆಟ್ಟಿನ ಲಿವರ್ ಹಾಕಿದ್ದ ಹಾಗೇ ಇತ್ತು, ಮೂರು ಪಿನ್‌ಗಳು ಬಾಗಿದ್ದವು. ಡ್ರಾಯಿಂಗ್ ಮಾಡುವವನ ಮೇಜಿನಲ್ಲಿ ಮೆಕ್ಯಾನಿಕಲ್ ಪೆನ್ಸಿಲ್ ಇದ್ದೇ ಇರುತ್ತದೆ: ಲೆಡ್ ತೆಗೆದ ಅದರ ತೂತನ್ನು ಪಿನ್ನಿಗೆ ಟೋಪಿಯಂತೆ ಇಟ್ಟು, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ನೆಟ್ಟಗೆ ಮಾಡಿದೆ. ಹಳೆಯ ಪ್ರೊಸೆಸರ್ ಆಗಿದ್ದರಿಂದ ಬಚಾವಾದೆ. ನೀವು ಹಾಗೆ ಮಾಡಬೇಡಿ. ಹತ್ತು ನಿಮಿಷ ಯಾವುದಾದರೂ ಆಟ ಓಡಿಸಿ ಪೇಸ್ಟ್ ಮೆತ್ತಗಾಗಲು ಬಿಡಿ, ಯಂತ್ರ ಆರಿಸಿ ಪ್ಲಗ್ ಕೀಳಿ, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ ಹೋಗಿಸಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ. ಆಮೇಲೆ ಸ್ಕ್ರೂಗಳನ್ನು ಅಡ್ಡಮೂಲೆಯ ಕ್ರಮದಲ್ಲಿ ಸಡಿಲಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚುತ್ತ ಬಿಡಿಸಿ. ಸ್ಕ್ರೂ ಬಿಚ್ಚಿದಾಗ ಬೋರ್ಡಿನ ಹಿಂದಿರುವ ಲೋಹದ ತಟ್ಟೆ ಕಳಚಿ ಬೀಳುತ್ತದೆ, ಕ್ಯಾಬಿನೆಟ್ಟನ್ನು ಮಲಗಿಸಿ ಹಿಂದಿನಿಂದ ಅದನ್ನು ಹಿಡಿದುಕೊಂಡಿರಬೇಕು.

ಹೊಸ ಪ್ರೊಸೆಸರಿನ ಮೂಲೆಯಲ್ಲಿರುವ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿದರೆ ಅದು ತನ್ನ ಭಾರಕ್ಕೇ ಕೂರುತ್ತದೆ, ಒತ್ತಬಾರದು. ಲಿವರ್ ಹಾಕಿದ ಮೇಲೆ ಪೇಸ್ಟನ್ನು ಬಟಾಣಿಯಷ್ಟು ನಡುವೆ ಇಟ್ಟು ಕೂಲರ್ ಬಿಗಿಯಿರಿ. ನಾಲ್ಕು ಸ್ಲಾಟ್‌ಗಳ ಬೋರ್ಡಿನಲ್ಲಿ ರ‍್ಯಾಮ್‌ಗಳನ್ನು ಪ್ರೊಸೆಸರಿನಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿ. ಎಸ್‌ಎಸ್‌ಡಿ ಹಾಕುವ ಮೊದಲು ಬೋರ್ಡಿನ ಕೈಪಿಡಿ ನೋಡಿ, ಕೆಲವು ಬೋರ್ಡ್‌ಗಳಲ್ಲಿ ಎರಡನೆಯ ಎಂ.2 ಸ್ಲಾಟ್ ಬಳಸಿದರೆ ಒಂದೆರಡು ಸಾಟಾ ಪೋರ್ಟ್‌ಗಳು ನಿಷ್ಕ್ರಿಯವಾಗುತ್ತವೆ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು.

ಮೊದಲ ಸಲ ಹಾಕಿದಾಗ ಯಂತ್ರ ಎರಡು ಮೂರು ಬಾರಿ ತಾನೇ ಆರಿ ಹೊತ್ತಿಕೊಳ್ಳಬಹುದು. ರ‍್ಯಾಮ್‌ನ ಹದ ಹುಡುಕುತ್ತಿರುತ್ತದೆ, ಗಾಬರಿಯಾಗದೆ ಕಾಯಿರಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆಯ್ಕೆಯನ್ನು ಚಾಲೂ ಮಾಡದಿದ್ದರೆ 3200 ವೇಗದ ರ‍್ಯಾಮ್ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ಹಳೆಯ ಬಗೆಯಲ್ಲಿ ಯಂತ್ರ ಶುರುಮಾಡುವ ಸಿಎಸ್‌ಎಂ ಕ್ರಮ ನಿಲ್ಲಿಸಿ, ನಂಬಲರ್ಹ ತಂತ್ರಾಂಶದಿಂದಷ್ಟೇ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಮತ್ತು ಎಫ್‌ಟಿಪಿಎಂ ಚಾಲೂ ಮಾಡಿ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಈ ಎರಡನ್ನೂ ಕೇಳುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ 11ಕ್ಕೆ ಹೋಗಲು ಇದೇ ಸರಿಯಾದ ಸಮಯ. ಹಳೆಯ ಡಿಸ್ಕಿನ ವಿಭಾಗಗಳು ಎಂಬಿಆರ್ ಎಂಬ ಹಳೆಯ ಮಾದರಿಯಲ್ಲಿದ್ದು ಅದೇ ವಿಂಡೋಸನ್ನು ಮುಂದುವರಿಸುವುದಾದರೆ, ಸಿಎಸ್‌ಎಂ ನಿಲ್ಲಿಸುವ ಮೊದಲೇ ಅದನ್ನು ಜಿಪಿಟಿಗೆ ಪರಿವರ್ತಿಸಬೇಕು. ಇದಕ್ಕೆ ಬೇಕಾದ ಉಪಕರಣ ವಿಂಡೋಸ್‌ನಲ್ಲೇ ಇದೆ.

ಎನ್ವಿಡಿಯಾ ಎರಡು ಬಗೆಯ ಡ್ರೈವರ್ ಕೊಡುತ್ತದೆ. ಗೇಮ್ ರೆಡಿ ಹೊಸ ಆಟಗಳ ಬೆನ್ನಿಗೆ ಬರುತ್ತದೆ. ಸ್ಟುಡಿಯೋ ಡ್ರೈವರ್ ವಿನ್ಯಾಸದ ತಂತ್ರಾಂಶಗಳ ಮೇಲೆ ಹೆಚ್ಚು ಪರೀಕ್ಷೆಗೊಂಡು ನಿಧಾನವಾಗಿ ಬರುತ್ತದೆ. ಎರಡನ್ನೂ ಒಟ್ಟಿಗೆ ಹಾಕಲಾಗದು. ಸ್ಟುಡಿಯೋ ಹಾಕಿಕೊಂಡರೆ ಆಟಗಳೂ ನಡೆಯುತ್ತವೆ, ಹಗಲಿನ ಕೆಲಸವೂ ಕೆಡುವುದಿಲ್ಲ. ಅದೇ ಕಾರಣಕ್ಕೆ ಓವರ್‌ಕ್ಲಾಕ್ ಮಾಡುವುದನ್ನೂ (ಭಾಗಗಳನ್ನು ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವುದನ್ನೂ) ನಾನು ನಮ್ಮ ಮನೆಯಲ್ಲಿ ನಿಷೇಧಿಸಿದ್ದೇನೆ: ಆಟ ನಡುವೆ ನಿಂತುಹೋದರೆ ಮತ್ತೆ ಆಡಬಹುದು, ರ‍್ಯಾಮ್‌ನ ಒಂದು ತಪ್ಪು ಬಿಟ್ ಕಡತದೊಳಗೆ ಸೇರಿಕೊಂಡರೆ ಅದು ಗೊತ್ತಾಗುವುದು ಕಾರ್ಖಾನೆಯಲ್ಲಿ ಲೋಹ ಕತ್ತರಿಸಿದ ಮೇಲೆ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಪೆನ್‌ಡ್ರೈವ್‌ನಿಂದ ಒಂದು ರಾತ್ರಿ ಪೂರ್ತಿ ಓಡಲಿ. ಒಂದೇ ಒಂದು ದೋಷ ತೋರಿಸಿದರೂ ಎಕ್ಸ್‌ಎಂಪಿ ಇಳಿಸಿ ನೋಡಿ, ಆಗಲೂ ಬಂದರೆ ರ‍್ಯಾಮ್ ಹಿಂತಿರುಗಿಸಿ. ಬೆಳಿಗ್ಗೆ ಆ ಹಾಳೆಯನ್ನು ತೆಗೆದು, ಅದೇ ಅಸೆಂಬ್ಲಿ, ಅದೇ ಆಟ, ಅದೇ ಅಳತೆ ಮತ್ತೊಮ್ಮೆ ಮಾಡಿ ಪಕ್ಕದಲ್ಲಿ ಬರೆಯಿರಿ.

ಹಳೆಯ ರ‍್ಯಾಮ್, ಪ್ರೊಸೆಸರ್‌ಗಳನ್ನು ಬೇಕಿದ್ದರೆ ಮಾರಿ, ಗ್ರಾಫಿಕ್ಸ್ ಕಾರ್ಡನ್ನು ಮಾತ್ರ ಮಾರಬೇಡಿ. ಹಳೆಯ 2600ರಲ್ಲೂ ಹೊಸ 5700ಎಕ್ಸ್‌ನಲ್ಲೂ ಒಳಗೇ ಇರುವ ಗ್ರಾಫಿಕ್ಸ್ ಇಲ್ಲದ ಕಾರಣ, ಹೊಸ ಕಾರ್ಡ್ ಕೆಟ್ಟು ವಾರಂಟಿಗೆ ಹೋದಷ್ಟು ದಿನ ಮಾನಿಟರ್ ಕಪ್ಪಗೇ ಇರುತ್ತದೆ. ನಮ್ಮ 1050 ಟಿಐ ಈಗ ಹೊಸ ಕಾರ್ಡ್ ಬಂದ ಬೆಳ್ಳಿ ಬಣ್ಣದ ಆಂಟಿ-ಸ್ಟ್ಯಾಟಿಕ್ ಚೀಲದೊಳಗೆ, ಬಿಲ್ಲುಗಳ ಜೊತೆಗೆ ಬೀರುವಿನಲ್ಲಿದೆ.